ಸೊಪ್ಪನ್ನು ಹಿಂಡಬೇಡಿ, ಬಸಿಯಿರಿ

ಒಂದು ಕಟ್ಟು ದಂಟಿನ ಸೊಪ್ಪನ್ನು ಮಿಕ್ಸಿಗೆ ಹಾಕಿ ತಿರುವಿ, ಬಟ್ಟೆಯಲ್ಲಿ ಹಿಂಡಿದರೆ ಒಂದು ಲೋಟ ಹಸಿರು ರಸ ಬರುತ್ತದೆ. ಅದು ಒಬ್ಬರಿಗೆ ಸಾಕು. ಅದೇ ಕಟ್ಟನ್ನು ಒಂದು ಪಾವು ಅಲಸಂದೆ ಕಾಳಿನ ಜೊತೆ ಬೇಯಿಸಿ ಬಸಿದರೆ ಐದು ಜನರ ಮುದ್ದೆಗೆ ಸಾರೂ ಆಯಿತು, ಪಕ್ಕಕ್ಕೆ ಪಲ್ಯವೂ ಆಯಿತು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಅಡುಗೆಮನೆಗಳಲ್ಲಿ ಈ ಎರಡನೆಯ ಲೆಕ್ಕವನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಮೊಬೈಲಿನ ವಿಡಿಯೊಗಳು ಮೊದಲನೆಯದನ್ನು ಹೇಳಿಕೊಡುತ್ತಿವೆ: ಬೆಳಿಗ್ಗೆ ಎದ್ದು ಬರಿ ಹೊಟ್ಟೆಯಲ್ಲಿ ಹಸಿ ಸೊಪ್ಪಿನ ರಸ ಕುಡಿಯಿರಿ, ರಕ್ತ ಹೆಚ್ಚುತ್ತದೆ, ಬೊಜ್ಜು ಕರಗುತ್ತದೆ, ದೇಹ ಶುದ್ಧವಾಗುತ್ತದೆ. ಸೊಪ್ಪು ತಿನ್ನಿ ಎನ್ನುವವರೆಗೆ ಈ ಸಲಹೆ ಸರಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೂಡ ವಯಸ್ಕರಿಗೆ ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ಬೇಕೆಂದು ಹೇಳುತ್ತ ಬಂದಿದೆ. ತಕರಾರು ಇರುವುದು ಹಿಂಡುವುದರ ಬಗ್ಗೆ. ಬಿಳಿಗಿರಿರಂಗನ ಬೆಟ್ಟದ ಸುತ್ತಲಿನ ಅಡುಗೆಯಲ್ಲಿ ಸೊಪ್ಪಿಗೆ ಸಿಗುವ ಉಪಚಾರ ಹಳೆಯ ಕಾಲದ ಅಭ್ಯಾಸ ಮಾತ್ರವಲ್ಲ, ಇಂದಿನ ಆಹಾರ ವಿಜ್ಞಾನದ ಒರೆಗೂ ನಿಲ್ಲುವಂಥದ್ದು. ಹಸಿ ರಸ ಆ ಒರೆಗೆ ಅಷ್ಟಾಗಿ ನಿಲ್ಲುವುದಿಲ್ಲ.

ಮೊದಲು ಈ ಸೀಮೆಯ ಸೊಪ್ಪಿನ ಬಗ್ಗೆ. ಪೇಟೆಯ ಜ್ಯೂಸಿಗೆ ಬೇಕಾಗುವುದು ಪಾಲಕ್, ಪುದೀನ, ಹೆಚ್ಚೆಂದರೆ ಕೊತ್ತಂಬರಿ. ಇಲ್ಲಿನ ಹೊಲದ ಬದುಗಳಲ್ಲಿ ಮಳೆ ಬಿದ್ದ ಹದಿನೈದು ದಿನಕ್ಕೆ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗಣಿಕೆ, ಗೋಣಿ ಸೊಪ್ಪು, ಕೊಮ್ಮೆ, ಕಿರೆ ತಾವಾಗಿಯೇ ಏಳುತ್ತವೆ. ನೀರಿನ ಆಸರೆ ಇರುವಲ್ಲಿ ಹೊನಗೊನ್ನೆ ಮತ್ತು ಒಂದೆಲಗ, ಹಿತ್ತಿಲಲ್ಲಿ ನುಗ್ಗೆ. ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಇವನ್ನು ಮಡಿಲಿಗೆ ಹಾಕಿಕೊಂಡು ಬಂದರೆ ಅದಕ್ಕೆ ಬೆರಕೆ ಸೊಪ್ಪು ಎಂದು ಹೆಸರು. ಬೆಟ್ಟದ ಮೇಲಿನ ಪೋಡುಗಳೆಂಬ ಹಾಡಿಗಳಲ್ಲಿ ವಾಸಿಸುವ ಸೋಲಿಗ ಬುಡಕಟ್ಟಿನವರಿಗೆ ಇವುಗಳ ಜೊತೆ ಕಾಡಿನ ಚಿಗುರುಗಳೂ ಗೊತ್ತು. ಯಾವ ಎಲೆ ಯಾವ ಮಳೆಗೆ ಬರುತ್ತದೆ, ಯಾವುದರ ಚಿಗುರು ಮಾತ್ರ ತಿನ್ನಬೇಕು, ಯಾವುದನ್ನು ಬೇಯಿಸಿ ನೀರು ಚೆಲ್ಲಬೇಕು ಎಂಬುದೆಲ್ಲ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ. ಬೆರಕೆ ಎಂಬ ಮಾತಿನಲ್ಲೇ ಒಂದು ಜಾಣತನ ಅಡಗಿದೆ. ಏಳೆಂಟು ಬಗೆಯ ಎಲೆ ಒಂದೇ ಪಾತ್ರೆಗೆ ಬಿದ್ದಾಗ ಯಾವ ಒಂದು ಸೊಪ್ಪಿನ ದೋಷವೂ ಮೈಗೆ ಹೆಚ್ಚಾಗಿ ಸೇರುವುದಿಲ್ಲ, ಎಲ್ಲದರ ಗುಣವೂ ಸ್ವಲ್ಪಸ್ವಲ್ಪ ದಕ್ಕುತ್ತದೆ. ದಿನವೂ ಒಂದೇ ಸೊಪ್ಪು, ದಿನವೂ ದೊಡ್ಡ ಲೋಟ ಎನ್ನುವ ಜ್ಯೂಸಿನ ಪದ್ಧತಿ ಇದಕ್ಕೆ ನೇರ ವಿರುದ್ಧ.

ಅಡುಗೆಯ ಕ್ರಮವನ್ನೂ ಹತ್ತಿರದಿಂದ ನೋಡಬೇಕು. ಉಪ್ಸಾರಿಗೆ ಕಾಳು ಅರೆಬೆಂದ ಮೇಲೆ ಸೊಪ್ಪು ಬೀಳುತ್ತದೆ, ಮೊದಲೇ ಹಾಕುವುದಿಲ್ಲ. ಎಲೆ ಬಾಡಿ, ದಂಟು ಬೆರಳಿಗೆ ಮೆತ್ತಗೆ ಸಿಕ್ಕಿದ ಕೂಡಲೇ ಪಾತ್ರೆ ಕೆಳಗಿಳಿಯುತ್ತದೆ, ಬೆಂದ ನೀರು, ಅಂದರೆ ಕಟ್ಟು, ಬಸಿಯುತ್ತದೆ. ಆ ಕಟ್ಟಿಗೆ ಉಪ್ಪು ಹಾಕಿದರೆ ಅದೇ ಸಾರು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಅರೆದ ಖಾರ ತಟ್ಟೆಯ ಅಂಚಿಗೆ ಬರುತ್ತದೆ. ಯಾರಿಗೆ ಎಷ್ಟು ಬೇಕೋ ಅಷ್ಟು ಬೆರೆಸಿಕೊಳ್ಳುತ್ತಾರೆ. ಬಸಿದುಳಿದ ಸೊಪ್ಪು, ಕಾಳಿಗೆ ಎಣ್ಣೆಯಲ್ಲಿ ಈರುಳ್ಳಿ ಒಗ್ಗರಣೆ, ಮೇಲೊಂದಿಷ್ಟು ಕಾಯಿತುರಿ. ಬಸ್ಸಾರಿನಲ್ಲಿ ಇದೇ ಕಟ್ಟಿಗೆ ಮಸಾಲೆ ಅರೆದು ಹಾಕುತ್ತಾರೆ. ಮಸ್ಸೊಪ್ಪಿನಲ್ಲಿ ಬಸಿಯುವ ಗೋಜೇ ಇಲ್ಲ. ಬೇಳೆಯ ಜೊತೆ ಬೆಂದ ಸೊಪ್ಪನ್ನು ಪಾತ್ರೆಯಲ್ಲೇ ಮಸೆದು ಒಗ್ಗರಣೆ ಕೊಡುತ್ತಾರೆ. ಈ ಮೂರರಲ್ಲೂ ಸೊಪ್ಪಿನ ನಾರು ಹೊರಗೆ ಹೋಗುವುದಿಲ್ಲ, ಬೇಯಿಸಿದ ನೀರು ಚರಂಡಿಗೆ ಹೋಗುವುದಿಲ್ಲ, ಎಣ್ಣೆ ಇಲ್ಲದೆ ಸೊಪ್ಪು ಬಾಯಿಗೆ ಹೋಗುವುದಿಲ್ಲ.

ಎಣ್ಣೆಯ ಮಾತು ಸಣ್ಣದಲ್ಲ. ಸೊಪ್ಪಿನ ದೊಡ್ಡ ಆಸ್ತಿ ಎಂದರೆ ದೇಹದಲ್ಲಿ ಎ ಜೀವಸತ್ವವಾಗುವ ಬೀಟಾ ಕೆರೋಟಿನ್. ಅದು ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬೇ ಇಲ್ಲದ ಸಲಾಡ್ ತಿಂದವರ ರಕ್ತಕ್ಕೆ ಕೆರೋಟಿನ್ ಹೆಚ್ಚುಕಡಿಮೆ ಸೇರಲೇ ಇಲ್ಲ. ಎಣ್ಣೆ ಬೆರೆತ ಸಲಾಡ್ ತಿಂದವರಲ್ಲಿ ಸೇರಿತು. ಬರಿ ಹೊಟ್ಟೆಯಲ್ಲಿ ಕುಡಿಯುವ ಹಸಿರು ರಸದಲ್ಲಿ ಹನಿ ಎಣ್ಣೆಯೂ ಇರುವುದಿಲ್ಲ. ಹಾಗಾಗಿ ಹಣ ಕೊಟ್ಟು ತಂದ ಗುಣದ ಒಂದು ದೊಡ್ಡ ಪಾಲು ಕುಡಿದವರ ಮೈಗೆ ಹತ್ತದೆ ಹಾಗೇ ದಾಟಿಹೋಗುತ್ತದೆ. ಜ್ಯೂಸಿನ ಪರ ಒಂದು ಮಾತು ಇಲ್ಲಿ ಒಪ್ಪಬೇಕು: ಎಲೆಯನ್ನು ನುಣ್ಣಗೆ ಅರೆದಾಗ ಅದರ ಜೀವಕೋಶಗಳ ಗೋಡೆ ಒಡೆದು ಕೆರೋಟಿನ್ ಸುಲಭವಾಗಿ ಹೊರಬರುತ್ತದೆ. ಆದರೆ ಬೇಯಿಸುವುದರಿಂದಲೂ ಮಸೆಯುವುದರಿಂದಲೂ ಆಗುವುದು ಅದೇ. ಮಸ್ಸೊಪ್ಪು ಅರೆಯುವುದರ ಲಾಭವನ್ನೂ ಒಗ್ಗರಣೆಯ ಲಾಭವನ್ನೂ ಒಂದೇ ಪಾತ್ರೆಯಲ್ಲಿ ಕೊಡುತ್ತದೆ. ಇನ್ನು ರಸವನ್ನು ಸೋಸಿದರೆ ಕಳೆದುಕೊಳ್ಳುವುದು ನಾರನ್ನು. ಮಲಬದ್ಧತೆಗೆ, ಸಕ್ಕರೆ ಕಾಯಿಲೆಗೆ ಸೊಪ್ಪು ತಿನ್ನಿ ಎಂದು ವೈದ್ಯರು ಹೇಳುವುದು ಬಹುಮಟ್ಟಿಗೆ ಆ ನಾರಿಗಾಗಿಯೇ. ಅದನ್ನೇ ಕಸಕ್ಕೆ ಎಸೆದು ನೀರು ಕುಡಿದಂತೆ. ಹಸಿ ಸೊಪ್ಪಿನ ಒಗರು ತಡೆಯಲಾರದೆ ಸೇಬು, ಖರ್ಜೂರ, ಜೇನುತುಪ್ಪ ಬೆರೆಸಿದರೆ ಇನ್ನೊಂದು ತೊಡಕು. ಜೇನಿನ ಮತ್ತು ಹಣ್ಣಿನ ರಸದ ಸಿಹಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮಿತಿಯಲ್ಲಿಡಬೇಕಾದ ಸಕ್ಕರೆಯ ಪಟ್ಟಿಗೇ ಸೇರಿಸಿದೆ.

ಎರಡನೆಯ ಸಂಗತಿ ಪ್ರಮಾಣದ್ದು. ಹಸಿ ಸೊಪ್ಪನ್ನು ಅಗಿದು ತಿನ್ನುವಾಗ ದವಡೆಯೇ ಮಿತಿ ಹಾಕುತ್ತದೆ. ನಾಲ್ಕು ತುತ್ತಿಗೆ ಸಾಕೆನಿಸುತ್ತದೆ. ರಸಕ್ಕೆ ಆ ಕಾವಲುಗಾರನಿಲ್ಲ, ಕಾಲು ಕಿಲೋ ಸೊಪ್ಪು ಎರಡು ನಿಮಿಷದಲ್ಲಿ ಗಂಟಲಿಳಿಯುತ್ತದೆ. ಅದರ ಜೊತೆ ಇಳಿಯುವುದು ಆಕ್ಸಲೇಟ್ ಎಂಬ ಲವಣ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಇದು ಸುಣ್ಣದ ಅಂಶದೊಡನೆ ಸೇರಿ ಆದಂಥವು. 100 ಗ್ರಾಂ ಹಸಿ ಪಾಲಕ್‌ನಲ್ಲಿ ಅರ್ಧ ಗ್ರಾಂನಿಂದ ಒಂದು ಗ್ರಾಂವರೆಗೂ ಆಕ್ಸಲೇಟ್ ಇರುತ್ತದೆ. ಕಲ್ಲಿನ ತೊಂದರೆ ಇರುವವರಿಗೆ ವೈದ್ಯರು ಇಡೀ ದಿನಕ್ಕೆ ಹಾಕುವ ಮಿತಿ ಸಾಮಾನ್ಯವಾಗಿ ಇದರ ಹತ್ತನೆಯ ಒಂದು ಪಾಲು. ಗೋಣಿ ಸೊಪ್ಪು, ದಂಟು ಕೂಡ ಆಕ್ಸಲೇಟ್ ಹೆಚ್ಚಿರುವ ಜಾತಿಯವೇ. ಹಸಿರು ರಸದ ಪಥ್ಯ ಹಿಡಿದ ಮಹಿಳೆಯೊಬ್ಬರ ಮೂತ್ರಪಿಂಡ ಆಕ್ಸಲೇಟ್‌ನಿಂದಲೇ ಹಠಾತ್ತನೆ ಕೆಟ್ಟ ಪ್ರಕರಣವನ್ನು ಅಮೆರಿಕದ ವೈದ್ಯರು 2018ರಲ್ಲಿ ವರದಿ ಮಾಡಿದ್ದಾರೆ. ಆಕೆಗೆ ಹಿಂದೆ ಜಠರದ ಶಸ್ತ್ರಚಿಕಿತ್ಸೆ ಆಗಿತ್ತು, ಆಂಟಿಬಯೊಟಿಕ್ ಮಾತ್ರೆಗಳೂ ದೀರ್ಘಕಾಲ ನಡೆದಿದ್ದವು. ಆದ್ದರಿಂದ ಒಂದು ಲೋಟ ಕುಡಿದವರೆಲ್ಲ ಹೀಗಾಗುತ್ತಾರೆಂದು ಹೆದರಿಸುವುದು ತಪ್ಪು. ಆದರೆ ಅಡುಗೆಯ ಸೊಪ್ಪಿನಿಂದ ಬಾರದ ಅಪಾಯ ರಸದಿಂದ ಬರಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ನೀರಿನಲ್ಲಿ ಕುದಿಸಿ ಬಸಿದರೆ ಸೊಪ್ಪಿನಲ್ಲಿ ಕರಗುವ ಆಕ್ಸಲೇಟ್ ಶೇ. 30ರಿಂದ 87ರವರೆಗೂ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ಪ್ರಮಾಣದ ಪಾಠವನ್ನು ಎಲ್ಲಕ್ಕಿಂತ ಕಟುವಾಗಿ ಕಲಿಸಿದ್ದು ನಮ್ಮ ಹಿತ್ತಿಲುಗಳಲ್ಲೂ ಇರುವ ಒಂದು ಗಿಡ: ಚಕ್ರಮುನಿ. ಬೇಲಿಯ ಬದಿಗೆ ಕಡ್ಡಿ ಚುಚ್ಚಿದರೆ ಬರುತ್ತದೆ, ವಿಟಮಿನ್ ಸೊಪ್ಪು ಎಂದೇ ಕರ್ನಾಟಕದಲ್ಲಿ ಹೆಸರಾಗಿದೆ, ತಂಬುಳಿಗೆ, ಸಾರಿಗೆ ಬಳಸುತ್ತಾರೆ. ಮಲೇಷ್ಯಾದಲ್ಲಿ ಜನ ಇದನ್ನು ತಲೆಮಾರುಗಳಿಂದ ಬೇಯಿಸಿ ತಿನ್ನುತ್ತಿದ್ದಾರೆ. 1994-95ರಲ್ಲಿ ತೈವಾನ್‌ನಲ್ಲಿ ಇದೇ ಎಲೆಯ ಹಸಿ ರಸ ಕುಡಿದರೆ ತೂಕ ಇಳಿಯುತ್ತದೆಂಬ ಸುದ್ದಿ ಹಬ್ಬಿತು. ಸಾವಿರಾರು ಜನ ಹಣ್ಣಿನ ರಸದೊಂದಿಗೆ ಬೆರೆಸಿ ವಾರಗಟ್ಟಲೆ ಕುಡಿದರು. ಕೆಲವೇ ತಿಂಗಳಲ್ಲಿ ಕೆಮ್ಮು, ಮೆಟ್ಟಿಲು ಹತ್ತಲಾಗದ ಉಬ್ಬಸ ಹೊತ್ತು ಆಸ್ಪತ್ರೆಗೆ ಬಂದವರ ಸಂಖ್ಯೆ ಇನ್ನೂರು ದಾಟಿತು. ಶ್ವಾಸಕೋಶದ ಸಣ್ಣ ನಾಳಗಳು ಮತ್ತೆ ತೆರೆಯಲಾಗದಂತೆ ಮುಚ್ಚಿಹೋಗಿದ್ದವು. ಕೆಲವರು ಸತ್ತರು, ಕೆಲವರಿಗೆ ಶ್ವಾಸಕೋಶ ಕಸಿಯೇ ಗತಿಯಾಯಿತು. ಎಲೆ ಅದೇ, ತಿನ್ನುವ ದೇಶವೂ ದೂರದ್ದೇನಲ್ಲ. ಬದಲಾಗಿದ್ದು ಎರಡು: ಒಲೆ ಬಿಟ್ಟುಹೋಯಿತು, ಪ್ರಮಾಣ ಏರಿತು. ಹಿತ್ತಿಲಲ್ಲಿ ಚಕ್ರಮುನಿ ಇರುವವರು ಗಿಡ ಕಿತ್ತುಹಾಕಬೇಕಿಲ್ಲ. ನಾಲ್ಕು ಎಲೆ ಬೆರಕೆ ಸೊಪ್ಪಿಗೆ ಸೇರಿಸಿ ಬೇಯಿಸಲಿ. ಹಿಂಡಿ ಮಾತ್ರ ಕುಡಿಯದಿರಲಿ.

ರಸದಲ್ಲಿ ಇನ್ನೊಂದು ಅಪಾಯವಿದೆ. ನಾಲಿಗೆಯ ಎಚ್ಚರಿಕೆಯನ್ನು ಅದು ಅಡಗಿಸುತ್ತದೆ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಸೋರೆಕಾಯಿ ಮತ್ತು ಹಾಗಲಕಾಯಿಯ ರಸ ಬೆರೆಸಿ ಕುಡಿದು ಪ್ರಾಣ ಕಳೆದುಕೊಂಡರು. ಕಹಿ ಸೋರೆಯಲ್ಲಿ ವಿಷವಿರುತ್ತದೆ. ಹಾಗಲದ ಕಹಿ ಜೊತೆಯಾದಾಗ ಸೋರೆಯ ಕಹಿ ಗೊತ್ತಾಗುವುದು ಹೇಗೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ, ರಸ ತೆಗೆಯುವ ಮೊದಲು ಸೋರೆಯ ಚೂರನ್ನು ರುಚಿ ನೋಡಿ, ಕಹಿಯಿದ್ದರೆ ಬಿಸಾಡಿ, ಬೇರೆ ರಸದೊಂದಿಗೆ ಬೆರೆಸಬೇಡಿ ಎಂದು ಎಚ್ಚರಿಸಿತು. ಸೊಪ್ಪಿಗೆ ಈ ವಿಷ ಅನ್ವಯಿಸದಿದ್ದರೂ ನೀತಿ ಅನ್ವಯಿಸುತ್ತದೆ. ಜೊತೆಗೆ ಹಸಿ ಎಲೆಗೆ ಅಂಟಿದ ರೋಗಾಣುಗಳ ಪ್ರಶ್ನೆಯಿದೆ. ಅಮೆರಿಕದಲ್ಲಿ 2006ರಲ್ಲಿ ಪೊಟ್ಟಣದಲ್ಲಿ ಮಾರಿದ ಹಸಿ ಪಾಲಕ್‌ನಿಂದಲೇ ಇ-ಕೊಲೈ ಹರಡಿ ಸುಮಾರು ಇನ್ನೂರು ಜನ ಕಾಯಿಲೆ ಬಿದ್ದರು. ಕಾಲುವೆ ನೀರಲ್ಲಿ ಅದ್ದಿ, ಗೋಣಿಯ ಮೇಲೆ ಹರಡಿ ಮಾರುವ ಸಂತೆಯ ಸೊಪ್ಪನ್ನು ಎಷ್ಟು ತೊಳೆದರೂ ಒಂದು ಕುದಿಗೆ ಸಮನಾದ ಶುದ್ಧಿ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ: ಬೇಯಿಸಿದರೆ ಜೀವಸತ್ವ ಸಾಯುತ್ತದಲ್ಲ? ಅರ್ಧ ನಿಜ. ಸಿ ಜೀವಸತ್ವ ಮತ್ತು ಫೋಲೇಟ್ ಶಾಖಕ್ಕೆ ಕುಗ್ಗುತ್ತವೆ, ನೀರಿಗೂ ಸೋರುತ್ತವೆ. ಕೆರೋಟಿನ್, ಕಬ್ಬಿಣ, ಸುಣ್ಣದ ಅಂಶಕ್ಕೆ ಅಂಥ ಪೆಟ್ಟಿಲ್ಲ. ನೀರಿಗೆ ಸೋರಿದ್ದು ನಮ್ಮಲ್ಲಿ ನಷ್ಟವಲ್ಲ, ಏಕೆಂದರೆ ಆ ಕಟ್ಟೇ ಸಾರು. ಶಾಖಕ್ಕೆ ಹೋದ ಸಿ ಜೀವಸತ್ವವನ್ನು ಅರ್ಧ ಹೋಳು ನಿಂಬೆ ಅಥವಾ ಒಂದು ನೆಲ್ಲಿಕಾಯಿ ತುಂಬಿಕೊಡುತ್ತದೆ. ನೆಲ್ಲಿ ಈ ಬೆಟ್ಟದ್ದೇ ಬೆಳೆ, ಸೋಲಿಗರು ಕಾಡಿನಿಂದ ತರುವ ಮುಖ್ಯ ಫಲಗಳಲ್ಲೊಂದು. ಸಿ ಜೀವಸತ್ವದಲ್ಲಿ ಅದು ಕಿತ್ತಳೆಗಿಂತ ಎಷ್ಟೋ ಪಟ್ಟು ಮುಂದೆ. ಸೊಪ್ಪಿನ ಕಬ್ಬಿಣ ರಕ್ತಕ್ಕೆ ಸೇರಲು ಅದೇ ಹುಳಿ ಸಹಾಯ ಮಾಡುತ್ತದೆ. ರಾಗಿಯಲ್ಲಿ ಕಬ್ಬಿಣ ಹೀರಿಕೆಗೆ ಅಡ್ಡಬರುವ ಅಂಶಗಳಿರುವುದರಿಂದ ಮುದ್ದೆ ಉಣ್ಣುವವರಿಗೆ ಇದು ಇನ್ನೂ ಮುಖ್ಯ. ಊಟವಾದ ಕೂಡಲೇ ಕಾಫಿ, ಟೀ ಕುಡಿಯದಿರುವುದೂ ಅಷ್ಟೇ ಮುಖ್ಯ. ಚುರುಕು ಓದುಗರು ಇಲ್ಲೊಂದು ಪ್ರಶ್ನೆ ಎತ್ತಬಹುದು: ಆಕ್ಸಲೇಟ್ ಕಟ್ಟಿಗೆ ಇಳಿಯುತ್ತದೆ ಎಂದಿರಿ, ಆ ಕಟ್ಟನ್ನೇ ಸಾರು ಮಾಡಿ ಉಂಡರೆ ಲಾಭವೇನು? ಪ್ರಶ್ನೆ ನ್ಯಾಯವಾದದ್ದು. ಕಲ್ಲಿನ ತೊಂದರೆ ಇರುವವರು ಪಾಲಕ್, ದಂಟಿನ ಕಟ್ಟನ್ನು ಚೆಲ್ಲಿ ಪಲ್ಯವನ್ನಷ್ಟೇ ತಿನ್ನಬೇಕು. ಮಿಕ್ಕವರ ಪಾಲಿಗೆ ಒಂದು ಕಟ್ಟಿನ ಸಾರು ಐದು ತಟ್ಟೆಗೆ ಹಂಚಿಹೋಗುತ್ತದೆ. ಊಟದ ಕೊನೆಗೆ ಕುಡಿಯುವ ಮಜ್ಜಿಗೆಯ ಸುಣ್ಣದ ಅಂಶ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ.

ಎರಡನೆಯ ಆಕ್ಷೇಪ ರಕ್ತಹೀನತೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 48ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 65ರಷ್ಟು ರಕ್ತಹೀನತೆ ಇರುವವರು. ಪರಿಸ್ಥಿತಿ ಹೀಗಿರುವಾಗ ರಸವಾದರೂ ಕುಡಿಯಲಿ ಬಿಡಿ ಎನ್ನುವವರಿದ್ದಾರೆ. ಆದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಅತಿ ಕಡಿಮೆ. ಒಂದು ಲೋಟ ರಸವನ್ನು ನಂಬಿ ಕಬ್ಬಿಣದ ಮಾತ್ರೆ ಬಿಟ್ಟ ಬಸುರಿ ಹೆಣ್ಣುಮಗಳು ಕಳೆದುಕೊಳ್ಳುವುದೇ ಹೆಚ್ಚು. ಈ ಬೆಟ್ಟದಲ್ಲಂತೂ ಇನ್ನೊಂದು ಎಚ್ಚರ ಬೇಕು. 1981ರಲ್ಲಿ ಡಾ. ಎಚ್. ಸುದರ್ಶನ್ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ವೈದ್ಯರು ಸೋಲಿಗರಲ್ಲಿ ಸಿಕಲ್ ಸೆಲ್ ಕಾಯಿಲೆ ಇರುವುದನ್ನು ದಶಕಗಳ ಹಿಂದೆಯೇ ಗುರುತಿಸಿದರು. ಅದು ತಂದೆತಾಯಿಯಿಂದ ಬರುವ ರಕ್ತದೋಷ. ಕಬ್ಬಿಣದ ಕೊರತೆಯಿಂದ ಬಂದದ್ದಲ್ಲ, ಯಾವ ಸೊಪ್ಪಿನ ರಸದಿಂದಲೂ ಹೋಗುವಂಥದ್ದಲ್ಲ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಇದಕ್ಕಾಗಿಯೇ ರಾಷ್ಟ್ರೀಯ ಅಭಿಯಾನ ಆರಂಭಿಸಿದೆ. ರಕ್ತ ಕಡಿಮೆ ಎಂದವರು ಮೊದಲು ಮಾಡಬೇಕಾದದ್ದು ರಕ್ತಪರೀಕ್ಷೆ. ಹಾಗೆಯೇ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹಸಿರು ರಸದ ಕೆ ಜೀವಸತ್ವ ಮಾತ್ರೆಯ ಕೆಲಸವನ್ನೇ ಕೆಡಿಸಬಲ್ಲದು.

ಮೂರನೆಯದು ಪರಂಪರೆಯ ಹೆಸರಿನ ವಾದ: ಹಿರಿಯರು ಒಂದೆಲಗ, ತುಂಬೆಯ ರಸ ಕುಡಿಯುತ್ತಿರಲಿಲ್ಲವೇ? ಕುಡಿಯುತ್ತಿದ್ದರು, ಚಮಚದ ಲೆಕ್ಕದಲ್ಲಿ, ಮೂರು ದಿನವೋ ಐದು ದಿನವೋ, ಇಂಥ ಕಾಯಿಲೆಗೆಂದು. ಅದು ಮದ್ದು. ಮದ್ದಿಗೆ ಪ್ರಮಾಣವಿದೆ, ಅವಧಿಯಿದೆ, ಕೊಡುವವರ ಜವಾಬ್ದಾರಿಯಿದೆ. ಮದ್ದನ್ನು ಲೋಟಗಟ್ಟಲೆ ಊಟದಂತೆ ಕುಡಿಯುವುದನ್ನು ಯಾವ ನಾಟಿವೈದ್ಯರೂ ಒಪ್ಪಲಾರರು. ಉಳಿದದ್ದು ಅನುಕೂಲದ ಮಾತು. ಮಕ್ಕಳು ಸೊಪ್ಪು ಮುಟ್ಟುವುದಿಲ್ಲ, ವಯಸ್ಸಾದವರಿಗೆ ಅಗಿಯಲಾಗುವುದಿಲ್ಲ, ಬೆಳಿಗ್ಗೆ ಕೆಲಸಕ್ಕೆ ಓಡುವವರಿಗೆ ಸೊಪ್ಪು ಬಿಡಿಸಿಕೊಂಡು ಕೂರಲು ಹೊತ್ತಿಲ್ಲ. ಇವೆಲ್ಲ ನಿಜವಾದ ತೊಂದರೆಗಳು. ಹೊತ್ತಿನ ತೊಂದರೆಯಲ್ಲಂತೂ ಒಂದು ಅನ್ಯಾಯವೂ ಇದೆ: ಸೊಪ್ಪು ಬಿಡಿಸುವ ಕೆಲಸ ಮನೆಯ ಹೆಂಗಸಿನ ಪಾಲಿಗೇ ಉಳಿದಿರುವುದರಿಂದಲೇ ಅದು ಹೊರೆ. ಟಿ.ವಿ. ಮುಂದೆ ಕೂತ ಗಂಡಸರ ಕೈಗೊಂದು ಕಟ್ಟು ಕೊಟ್ಟರೆ ಆ ಹೊರೆ ಅರ್ಧವಾಗುತ್ತದೆ. ಹಲ್ಲಿಲ್ಲದವರಿಗೆ, ಮಕ್ಕಳಿಗೆ ಮಸ್ಸೊಪ್ಪು ಇದ್ದೇ ಇದೆ. ಅನ್ನಕ್ಕೆ ಕಲಸಿ ತುಪ್ಪ ಹಾಕಿದರೆ ಅಗಿಯುವ ಕೆಲಸವೇ ಇಲ್ಲ.

ಇಷ್ಟಾದ ಮೇಲೂ ಲೋಟದಲ್ಲೇ ಕುಡಿಯಬೇಕೆನ್ನುವವರಿಗೆ ಮಲೆನಾಡಿನವರು ದಾರಿ ಮಾಡಿಟ್ಟಿದ್ದಾರೆ: ತಂಬುಳಿ. ಒಂದು ಹಿಡಿ ಎಲೆ ಸಾಕು, ದಿನಕ್ಕೊಂದು ಬಗೆ ಇರಲಿ. ಹರಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಜೀರಿಗೆ, ನಾಲ್ಕು ಮೆಣಸಿನೊಂದಿಗೆ ಚಮಚ ತುಪ್ಪದಲ್ಲಿ ಎಲೆ ಪೂರಾ ಬಾಡುವವರೆಗೆ ಹುರಿಯಬೇಕು. ಪಾಲಕ್ ಆದರೆ ಮೊದಲು ಕುದಿನೀರಿಗೆ ಹಾಕಿ ಬಸಿದುಕೊಳ್ಳಬೇಕು. ಸ್ವಲ್ಪ ಕಾಯಿತುರಿ ಸೇರಿಸಿ ನುಣ್ಣಗೆ ಅರೆದು, ಮಜ್ಜಿಗೆ, ಉಪ್ಪು ಬೆರೆಸಿದರೆ ಆಯಿತು. ಸೋಸಬಾರದು, ಸಕ್ಕರೆ ಹಾಕಬಾರದು, ಬರಿ ಹೊಟ್ಟೆಗೆ ಕುಡಿಯಬೇಕೆಂಬ ಹಟವೂ ಬೇಡ. ಊಟದ ಜೊತೆಗಿದ್ದರೆ ಒಳ್ಳೆಯದು. ಎಲೆಯ ಹಸಿತನ ಹೋಗಿರುತ್ತದೆ, ನಾರು ಉಳಿದಿರುತ್ತದೆ, ಕೆರೋಟಿನ್‌ಗೆ ತುಪ್ಪವಿದೆ, ಆಕ್ಸಲೇಟ್‌ಗೆ ಮಜ್ಜಿಗೆಯಿದೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಇದನ್ನೂ ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಲೋಟವೋ ತಟ್ಟೆಯೋ ಎಂಬ ಚರ್ಚೆಗಿಂತ ದೊಡ್ಡ ಆತಂಕ ಬೇರೆಯಿದೆ: ಸೊಪ್ಪೇ ಇಲ್ಲವಾಗುತ್ತಿರುವುದು. ಹೊಲಕ್ಕೆ ಕಳೆನಾಶಕ ಸಿಂಪಡಿಸಿದ ದಿನ ಅಣ್ಣೆ, ಕನ್ನೆ, ಗಣಿಕೆ ಎಲ್ಲವೂ ಕಳೆಯ ಲೆಕ್ಕಕ್ಕೇ ಹೋಗುತ್ತವೆ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಲಂಟಾನ ಎಂಬ ಕಳೆಗಿಡ ನೆಲವನ್ನೆಲ್ಲ ಆವರಿಸಿ ಅಡಿಯ ಗಿಡಗಳಿಗೆ ಬಿಸಿಲು ತಾಕದಂತೆ ಮಾಡಿದೆ. 1997ರಿಂದ 2008ರ ನಡುವೆ ಈ ಕಾಡಿನಲ್ಲಿ ಅದರ ಹರವು ಇಮ್ಮಡಿಯಾಯಿತೆಂದು ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಹಿಂದೆ ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ್ದೇ ಇದಕ್ಕೆ ಕಾರಣ ಎನ್ನುವುದು ಸೋಲಿಗರ ಮಾತು. 1974ರಲ್ಲಿ ವನ್ಯಜೀವಿಧಾಮವಾದ ಈ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಆ ಹಕ್ಕು ಕಾಗದದಲ್ಲಿ ಉಳಿಯದೆ ಮಡಿಲಿಗೆ ಸೊಪ್ಪಾಗಿ ಬರಬೇಕು. ಚಾಮರಾಜನಗರ ಜಿಲ್ಲೆಯ ಆಶ್ರಮ ಶಾಲೆಗಳು, ವಿದ್ಯಾರ್ಥಿನಿಲಯಗಳು ಮಳೆಗಾಲದ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನವಾದರೂ ಸುತ್ತಲಿನ ಊರು, ಪೋಡುಗಳ ಮಹಿಳೆಯರಿಂದ ಬೆರಕೆ ಸೊಪ್ಪು ಕೊಂಡು ಮಸ್ಸೊಪ್ಪು ಮಾಡಲಿ. ರೈತರು ಹೊಲದ ಒಂದು ಬದುವನ್ನಾದರೂ ಕಳೆನಾಶಕದಿಂದ ಉಳಿಸಲಿ. ಇದಕ್ಕೆ ಹೊಸ ಯಂತ್ರವೂ ಬೇಡ, ಹೊರಗಿನ ಬೀಜವೂ ಬೇಡ. ಇನ್ನು ನಾವುನೀವು ಮಾಡಬಹುದಾದದ್ದು ಸಣ್ಣದು: ನಾಳೆ ಸಂತೆಯಿಂದ ಒಂದು ಕಟ್ಟು ಸೊಪ್ಪು ತಂದಾಗ ಮಿಕ್ಸಿಯತ್ತ ನೋಡದೆ ಒಲೆಗೆ ಪಾತ್ರೆಯಿಟ್ಟು, ಮೊದಲು ಕಾಳು ಹಾಕಿ.